ನಾಲ್ಕನೆಯ ಸಂಖ್ಯೆಯ ಚಿಹ್ನೆ ಬದಲಿಸಿದಾಗ

ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯಲು ಕುಳಿತವರಿಗೆಲ್ಲ ಆರಂಭದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ. ಬಿಂದು ಇರುವುದು ಮೂರು ಆಯಾಮಗಳಲ್ಲಿ. ಅದನ್ನು ಬರೆಯಲು ನಾಲ್ಕು ಸಂಖ್ಯೆಗಳೇಕೆ? ಎಕ್ಸ್, ವೈ, ಝಡ್ ಅರ್ಥವಾಗುತ್ತವೆ. ಕೊನೆಯ ಡಬ್ಲ್ಯೂಗೆ ಇಲ್ಲೇನು ಕೆಲಸ? ಪಾಠಗಳಲ್ಲಿ ಸಿಗುವ ಉತ್ತರ ಚಿಕ್ಕದು: ಅದನ್ನು ಸದಾ 1 ಎಂದಿಟ್ಟುಕೊಳ್ಳಿ. ಹಾಗಿಟ್ಟರೆ ವಸ್ತುವನ್ನು ತಿರುಗಿಸುವುದಕ್ಕೂ ಸರಿಸುವುದಕ್ಕೂ ಒಂದೇ ಮ್ಯಾಟ್ರಿಕ್ಸ್ (ಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕ) ಸಾಕು. ಕೊನೆಯಲ್ಲೊಂದು ಭಾಗಾಕಾರ ಮಾಡಿದರೆ ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ನಾಲ್ಕನೆಯ ಸಂಖ್ಯೆಗೆ ಯೂಕ್ಲಿಡ್‌ನಿಗಿಂತ ದೊಡ್ಡ ಮನೆತನವಿದೆ ಎಂಬುದನ್ನು ಅದು ಹೇಳುವುದಿಲ್ಲ. ಯಂತ್ರದೊಳಗೆ ನಾವು ಬಳಸುತ್ತಿರುವುದು ಶಾಲೆಯಲ್ಲಿ ಕಲಿತ ರೇಖಾಗಣಿತವಲ್ಲ, ಅದರ ಕೆಳಗಿರುವ, ಉದ್ದ ಕೋನಗಳನ್ನು ಅಳೆಯದೆ ಬಿಂದು ರೇಖೆಗಳನ್ನಷ್ಟೇ ನೋಡುವ ಪ್ರಕ್ಷೇಪ ಜ್ಯಾಮಿತಿ. ಯೂಕ್ಲಿಡ್‌ನ ಜಗತ್ತು ಅದರ ಮಕ್ಕಳಲ್ಲಿ ಒಂದು ಮಾತ್ರ. ಇನ್ನೆರಡು ಮಕ್ಕಳನ್ನೂ ಅದೇ ಯಂತ್ರ, ಅದೇ ಮ್ಯಾಟ್ರಿಕ್ಸ್‌ಗಳಿಂದ, ಅದೇ ವೇಗದಲ್ಲಿ ಚಿತ್ರಿಸಬಲ್ಲದು.

ಇಂತಹ ನಿರ್ದೇಶಾಂಕಗಳನ್ನು ಜರ್ಮನಿಯ ಮೋಬಿಯಸ್ ಮುಂದಿಟ್ಟದ್ದು 1827ರಲ್ಲಿ. ಎರಡೇ ವರ್ಷಗಳ ನಂತರ, 1829ರಲ್ಲಿ, ರಷ್ಯಾದ ಕಜಾನ್‌ನಲ್ಲಿ ಲೊಬಾಚೆವ್‌ಸ್ಕಿ ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆಯನ್ನು ಕೈಬಿಟ್ಟು ಕಟ್ಟಿದ ಜ್ಯಾಮಿತಿಯನ್ನು ಪ್ರಕಟಿಸಿದ. ಹಂಗೇರಿಯ ಬೊಲ್ಯಾಯ್ ಸ್ವತಂತ್ರವಾಗಿ ಅದೇ ನೆಲೆಯನ್ನು ತಲುಪಿದ್ದ. ಅವನದು ಅಚ್ಚಾದದ್ದು 1832ರಲ್ಲಿ. ಮೋಬಿಯಸ್‌ನ ಧಾರೆಯನ್ನು ಕಂಪ್ಯೂಟರ್ ಪರದೆಗೆ ತಂದವನು ಲಾರೆನ್ಸ್ ರಾಬರ್ಟ್ಸ್. 1960ರ ದಶಕದಲ್ಲಿ ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ, ಮುಂದೆ ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್ ಕಟ್ಟಲು ಹೊರಡುವ ಮೊದಲು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಗ್ರಾಫಿಕ್ಸ್ ಚಿಪ್ಪಿನಲ್ಲೂ ನಾಲ್ಕು ಸಂಖ್ಯೆಗಳೇ ಹರಿಯುತ್ತಿವೆ.

ಐದನೆಯ ಪ್ರತಿಜ್ಞೆ ಹೈಸ್ಕೂಲಿನಲ್ಲಿ ಓದಿದವರಿಗೆ ನೆನಪಿರಬಹುದು. ಒಂದು ಸರಳರೇಖೆ, ಅದರ ಮೇಲಿಲ್ಲದ ಒಂದು ಬಿಂದು. ಆ ಬಿಂದುವಿನ ಮೂಲಕ ಮೊದಲ ರೇಖೆಯನ್ನು ಎಂದೂ ಸಂಧಿಸದ ರೇಖೆ ಒಂದೇ ಒಂದು. ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂದು ಸಾಧಿಸುವಾಗ ಶೃಂಗದ ಮೂಲಕ ಎಳೆಯುವ ಆ ಸಮಾಂತರ ರೇಖೆ ಬರುವುದು ಇದರಿಂದಲೇ. ಇಂತಹ ರೇಖೆ ಒಂದೂ ಇಲ್ಲ ಎಂದರೆ ಗೋಳದ ಜ್ಯಾಮಿತಿ: ಭೂಗೋಳದ ಮೇಲೆ ಉತ್ತರ ಧ್ರುವದಿಂದ ಇಳಿದು, ಸಮಭಾಜಕದ ಮೇಲೆ ಕಾಲು ಸುತ್ತು ನಡೆದು, ಮತ್ತೆ ಧ್ರುವಕ್ಕೆ ಏರಿದರೆ ಮೂರೂ ಕೋನ 90 ಡಿಗ್ರಿಯಾಗುವ ತ್ರಿಭುಜ ಸಿಗುತ್ತದೆ. ಅಸಂಖ್ಯ ರೇಖೆಗಳಿವೆ ಎಂದರೆ ಲೊಬಾಚೆವ್‌ಸ್ಕಿಯ ಹೈಪರ್‌ಬೋಲಿಕ್ ಜ್ಯಾಮಿತಿ. ಅಲ್ಲಿ ಕೋನಗಳ ಮೊತ್ತ ಸದಾ 180ಕ್ಕಿಂತ ಕಡಿಮೆ, ಮತ್ತು ಕೋನವನ್ನು ರೇಡಿಯನ್ನಿನಲ್ಲಿ (180 ಡಿಗ್ರಿ ಎಂದರೆ ಪೈ ರೇಡಿಯನ್), ಉದ್ದವನ್ನು ತಕ್ಕ ಏಕಮಾನದಲ್ಲಿ ಅಳೆದರೆ, ಎಷ್ಟು ಕಡಿಮೆಯೋ ಅಷ್ಟೇ ಆ ತ್ರಿಭುಜದ ವಿಸ್ತೀರ್ಣ. ಭುಜಗಳನ್ನು ಎಷ್ಟೇ ಉದ್ದ ಎಳೆದರೂ ತ್ರಿಭುಜದ ವಿಸ್ತೀರ್ಣ ಪೈಯನ್ನು ಮೀರುವುದಿಲ್ಲ. ಈ ವಾಕ್ಯವನ್ನು ಓದಿ ಒಪ್ಪಿಕೊಳ್ಳುವುದು ಒಂದು. ಅಂತಹ ತ್ರಿಭುಜದೊಳಗೆ ಕೀಬೋರ್ಡ್ ಒತ್ತುತ್ತಾ ನಡೆಯುವುದು ಬೇರೆಯೇ ಒಂದು.

ಈಗ ಕೋಡ್‌ಗೆ ಬರೋಣ. ಗೋಳೀಯ ಮೂರು ಆಯಾಮದ ಜಗತ್ತಿನಲ್ಲಿ ಬಿಂದುವಿನ ನಾಲ್ಕು ಸಂಖ್ಯೆಗಳ ವರ್ಗಗಳನ್ನು ಕೂಡಿಸಿದರೆ 1 ಬರಬೇಕು. ಹೈಪರ್‌ಬೋಲಿಕ್ ಜಗತ್ತಿನಲ್ಲಿ ಮೊದಲ ಮೂರರ ವರ್ಗಗಳನ್ನು ಕೂಡಿಸಿ ಡಬ್ಲ್ಯೂವಿನ ವರ್ಗವನ್ನು ಕಳೆದರೆ −1 ಬರಬೇಕು. ಚಪ್ಪಟೆ ಜಗತ್ತಿನಲ್ಲಿ ಡಬ್ಲ್ಯೂ 1 ಎಂದಷ್ಟೇ ಷರತ್ತು. ಮುಂದಕ್ಕೆ ಒಂದಿಷ್ಟು ದೂರ ಸರಿಸುವ ಮ್ಯಾಟ್ರಿಕ್ಸ್ ಕೂಡ ಇದೇ ರೀತಿ ಬದಲಾಗುತ್ತದೆ. ಚಪ್ಪಟೆಯಲ್ಲಿ ಕೊನೆಯ ಕಂಬಸಾಲಿನಲ್ಲಿ ಆ ದೂರವನ್ನು ನೇರವಾಗಿ ಬರೆಯುತ್ತೇವೆ. ಗೋಳದಲ್ಲಿ ಆ ದಿಕ್ಕು ಮತ್ತು ಡಬ್ಲ್ಯೂ ಸೇರುವ ನಾಲ್ಕು ಜಾಗಗಳಲ್ಲಿ ದೂರದ ಸೈನ್ ಮತ್ತು ಕೊಸೈನ್ ಬರುತ್ತವೆ, ಎಂದರೆ ಅದೊಂದು ತಿರುಗುವಿಕೆ. ಹೈಪರ್‌ಬೋಲಿಕ್‌ನಲ್ಲಿ ಅವುಗಳ ಜಾಗಕ್ಕೆ ಹೈಪರ್‌ಬೋಲಿಕ್ ಸೈನ್, ಹೈಪರ್‌ಬೋಲಿಕ್ ಕೊಸೈನ್ ಬಂದು, ಗೋಳದಲ್ಲಿದ್ದ ಒಂದು ಋಣ ಚಿಹ್ನೆ ಮಾಯವಾಗುತ್ತದೆ. ವಿಶೇಷ ಸಾಪೇಕ್ಷತೆಯನ್ನು ಓದಿದವರು ಇದನ್ನು ಗುರುತಿಸುತ್ತಾರೆ. ವೇಗ ಬದಲಾದಾಗ ಕಾಲ ಮತ್ತು ದೇಶ (ಸ್ಥಳ) ಬೆರೆಯುವ ಸೂತ್ರವೇ ಇದು. ಎರಡು ಬಿಂದುಗಳ ನಡುವಿನ ದೂರವನ್ನು ಅಳೆಯಲೂ ಒಂದು ಗುಣಲಬ್ಧ ಸಾಕು, ಕೊನೆಯ ಪದಕ್ಕೆ ವಿರುದ್ಧ ಚಿಹ್ನೆ ಕೊಟ್ಟು.

ಇಷ್ಟು ಬದಲಿಸಿದ ಮೇಲೆ ಚಿತ್ರ ಬಿಡಿಸುವ ಭಾಗವನ್ನೆಲ್ಲ ಹೊಸದಾಗಿ ಬರೆಯಬೇಕಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಬರೆಯಬೇಕಾಗಿಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಪ್ರಕ್ಷೇಪ ಜ್ಯಾಮಿತಿಯಲ್ಲಿ ನಾಲ್ಕು ಸಂಖ್ಯೆಗಳ ಅನುಪಾತಕ್ಕೆ ಮಾತ್ರ ಬೆಲೆ. ಆದ್ದರಿಂದ ಚಿಪ್ಪಿನ ಪಾಲಿಗೆ ಹೈಪರ್‌ಬೋಲಿಕ್ ಬಿಂದು ಎಂದರೆ ಮೊದಲ ಮೂರನ್ನು ಡಬ್ಲ್ಯೂವಿನಿಂದ ಭಾಗಿಸಿದಾಗ ಸಿಗುವ ಸಾಮಾನ್ಯ ಬಿಂದು. ಹಾಗೆ ಭಾಗಿಸಿದರೆ ಅನಂತವಾದ ಆ ಇಡೀ ಜಗತ್ತು ತ್ರಿಜ್ಯ 1 ಇರುವ ಒಂದು ಗೋಳದ ಒಳಗೆ ಕುಳಿತುಕೊಳ್ಳುತ್ತದೆ. 1868ರಲ್ಲಿ ಇಟಲಿಯ ಬೆಲ್ಟ್ರಾಮಿ ಕೊಟ್ಟ ಮಾದರಿ ಇದು. ಕೆಲವೇ ವರ್ಷಗಳಲ್ಲಿ ಫೆಲಿಕ್ಸ್ ಕ್ಲೈನ್ ಇದನ್ನು ಪ್ರಕ್ಷೇಪ ಜ್ಯಾಮಿತಿಯೊಳಗೆ ಗಟ್ಟಿಯಾಗಿ ನೆಲೆಗೊಳಿಸಿದ. ಇದರ ಗುಣವೆಂದರೆ ವಕ್ರ ಜಗತ್ತಿನ ಸರಳರೇಖೆಗಳು ಇಲ್ಲಿಯೂ ಸರಳರೇಖೆಗಳೇ. ಗ್ರಾಫಿಕ್ಸ್ ಚಿಪ್ಪಿಗೆ ಬರುವುದು ನೇರ ಅಂಚಿನ ತ್ರಿಭುಜಗಳನ್ನು ತುಂಬುವ ವಿದ್ಯೆಯೊಂದೇ, ಅದಕ್ಕೆ ಬೇಕಾದದ್ದೂ ಅದೇ. ಕ್ಯಾಮೆರಾ ನಡುಬಿಂದುವಿನಲ್ಲಿದ್ದರೆ ಬೆಳಕಿನ ಕಿರಣಗಳೂ ನೇರವಾಗಿಯೇ ಬರುತ್ತವೆ. ಪರ್ಸ್ಪೆಕ್ಟಿವ್ ಮ್ಯಾಟ್ರಿಕ್ಸ್ ಅನ್ನು ಮುಟ್ಟಬೇಕಾಗಿಲ್ಲ, ಯಾವುದು ಮುಂದೆ ಯಾವುದು ಹಿಂದೆ ಎಂದು ನೋಡುವ ಡೆಪ್ತ್ ಬಫರ್ ಎಂದಿನಂತೆ ಕೆಲಸ ಮಾಡುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿದ್ದ ಜ್ಯಾಮಿತಿ ಕೇಂದ್ರದಲ್ಲಿ ಮಾರ್ಕ್ ಫಿಲಿಪ್ಸ್ ಮತ್ತು ಚಾರ್ಲಿ ಗನ್ ಇದನ್ನು 1992ರಷ್ಟು ಹಿಂದೆಯೇ ತೋರಿಸಿದ್ದರು. ಜೆಫ್ ವೀಕ್ಸ್ 2002ರಲ್ಲಿ ಮೂರೂ ಜಗತ್ತುಗಳನ್ನು ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಹೇಗೆ ಓಡಿಸಬಹುದೆಂದು ವಿವರವಾಗಿ ಬರೆದರು. ಹಾಗಿದ್ದೂ ಆಟಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಈ ಬಾಗಿಲನ್ನು ತಟ್ಟಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ಯೂಕ್ಲಿಡೇತರ ಆಟ ಎಂದೊಡನೆ ಹಲವರ ಮನಸ್ಸಿಗೆ ಬರುವುದು 2007ರ ಪೋರ್ಟಲ್, 2013ರ ಆಂಟಿಚೇಂಬರ್‌ನಂಥವು: ಗೋಡೆಯ ರಂಧ್ರದಲ್ಲಿ ಹೊಕ್ಕರೆ ಇನ್ನೊಂದು ಕೋಣೆಯಲ್ಲಿ ಹೊರಬರುವ, ಹೊರಗಿನಿಂದ ಚಿಕ್ಕದಾಗಿದ್ದು ಒಳಗೆ ಉದ್ದವಾಗಿರುವ ಹಾದಿಗಳ ಜಗತ್ತು. ಅವುಗಳಲ್ಲಿ ನೀವು ನಿಂತ ಯಾವುದೇ ಜಾಗದ ಸುತ್ತ ಅಳೆದರೂ ಜ್ಯಾಮಿತಿ ಶುದ್ಧ ಯೂಕ್ಲಿಡ್‌ನದೇ. ಬದಲಾಗಿರುವುದು ಕೋಣೆಗಳ ಜೋಡಣೆ. 1979ರ ಆಸ್ಟರಾಯ್ಡ್ಸ್‌ನಲ್ಲಿ ಬಲ ಅಂಚಿನಿಂದ ಹೋದ ನೌಕೆ ಎಡ ಅಂಚಿನಿಂದ ಬರುವುದೂ ಇದೇ ಜಾತಿಯದು, ಅದು ಚಪ್ಪಟೆಯಾದ ಟೋರಸ್, ಎದುರುಬದುರು ಅಂಚುಗಳು ಸೇರಿಕೊಂಡ ಬಳೆಯಂಥ ಮೇಲ್ಮೈ. ಆದರೆ ಇವೆರಡರ ನಡುವೆ ಗೋಡೆ ಎಬ್ಬಿಸಿ ಬಿಡುವುದೂ ನ್ಯಾಯವಲ್ಲ. ಒಂದು ಕಂಬದ ಸುತ್ತ ಒಂದು ಸುತ್ತು ಬಂದರೆ ಬೇರೆ ಕೋಣೆ, ಎರಡನೆಯ ಸುತ್ತಿಗೆ ಮೊದಲಿನ ಕೋಣೆ ಬರುವಂತೆ ಪೋರ್ಟಲ್ (ಎರಡು ಜಾಗಗಳನ್ನು ಬೆಸೆಯುವ ಬಾಗಿಲು) ಇಟ್ಟಿದ್ದೀರಿ ಎನ್ನಿ. ಆ ಕಂಬದ ಸುತ್ತ 360ರ ಬದಲು 720 ಡಿಗ್ರಿ ಇದೆ. ಹೆಚ್ಚಾದ 360 ಡಿಗ್ರಿ ಎಂದರೆ ಋಣ ವಕ್ರತೆ, ಅಷ್ಟೂ ಒಂದೇ ಕಂಬದಲ್ಲಿ ಗಂಟುಕಟ್ಟಿಕೊಂಡಿದೆ. ಅದೇ ಗಂಟನ್ನು ಬಿಡಿಸಿ ಎಲ್ಲೆಡೆ ಸಣ್ಣದಾಗಿ ಹಂಚಿ: ಸಮತಲದಲ್ಲಿ ಒಂದು ಶೃಂಗದ ಸುತ್ತ ಆರು ಸಮಭುಜ ತ್ರಿಭುಜಗಳು ಸರಿಯಾಗಿ ಕೂರುತ್ತವೆ, ನೀವು ಪ್ರತಿ ಶೃಂಗದಲ್ಲೂ ಏಳನ್ನು ಕೂರಿಸಿ. ಈಗ ಪ್ರತಿ ಶೃಂಗದಲ್ಲಿ 60 ಡಿಗ್ರಿ ಹೆಚ್ಚು. ಆ ಹೆಚ್ಚುವರಿಯನ್ನು ತ್ರಿಭುಜಗಳ ಒಳಗೂ ಸಮನಾಗಿ ಹರಡಿದರೆ ಪ್ರತಿ ಕೋನ 51 ಡಿಗ್ರಿ ಚಿಲ್ಲರೆಗೆ ಇಳಿಯುತ್ತದೆ, ಅಂಚುಗಳಲ್ಲಿ ಸುಕ್ಕು ಉಳಿಯುವುದಿಲ್ಲ, ಲೊಬಾಚೆವ್‌ಸ್ಕಿಯ ಸಮತಲ ಸಿದ್ಧವಾಗುತ್ತದೆ. ಪೋರ್ಟಲ್ ಬರೆಯಲು ಬಲ್ಲ ಪ್ರೋಗ್ರಾಮರ್ ಅರ್ಧ ದಾರಿ ಬಂದಿದ್ದಾರೆ ಎಂದೇ ನನ್ನ ಲೆಕ್ಕ.

ಉಳಿದರ್ಧ ದಾರಿಯ ಕಷ್ಟವೆಲ್ಲ ಒಂದೇ ಕಾರಣದಿಂದ ಹುಟ್ಟುತ್ತದೆ. ಹೈಪರ್‌ಬೋಲಿಕ್ ಜಗತ್ತು ವಿಪರೀತ ವಿಶಾಲ. ಸಮತಲದಲ್ಲಿ ವೃತ್ತದ ಪರಿಧಿ ತ್ರಿಜ್ಯದೊಂದಿಗೆ ಸಮನಾಗಿ ಬೆಳೆಯುತ್ತದೆ. ಇಲ್ಲಿ ಅದು ಘಾತಾಂಕದಂತೆ ಏರುತ್ತದೆ. ವಕ್ರತೆ −1 ಆಗುವಂತೆ ಉದ್ದದ ಏಕಮಾನವನ್ನು ಆರಿಸಿಕೊಂಡರೆ, ತ್ರಿಜ್ಯ 1 ಇರುವ ವೃತ್ತದ ಪರಿಧಿ ಸುಮಾರು 7.4; ಯೂಕ್ಲಿಡ್‌ನ 6.3ಕ್ಕೆ ಹೋಲಿಸಿದರೆ ಅಂಥ ದೊಡ್ಡ ವ್ಯತ್ಯಾಸವಲ್ಲ. ತ್ರಿಜ್ಯ 10 ಆದಾಗ ಚಪ್ಪಟೆ ನೆಲದಲ್ಲಿ 63ರ ಆಸುಪಾಸಿನಲ್ಲಿರಬೇಕಾದ ಪರಿಧಿ ಇಲ್ಲಿ 69,000 ದಾಟುತ್ತದೆ. ತ್ರಿಜ್ಯ 20ಕ್ಕೆ ಅದು 152 ಕೋಟಿ. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಊರಿನ ಜನರಿಗೆಲ್ಲ ಮಾತ್ರವಲ್ಲ, ಒಂದು ದೇಶದ ಜನರಿಗೆಲ್ಲ ಪಕ್ಕಪಕ್ಕ ನಿಲ್ಲಲು ಜಾಗವಿದೆ.

ಕಂಪ್ಯೂಟರಿನ ಸಂಖ್ಯೆಗಳು ಇದನ್ನು ತಾಳಲಾರವು. ಚಿಪ್ಪಿನಲ್ಲಿ ಸಾಮಾನ್ಯವಾಗಿ ಬಳಸುವ 32 ಬಿಟ್‌ನ ದಶಮಾಂಶ ಸಂಖ್ಯೆಗೆ ನಿಖರತೆ 24 ಬಿಟ್‌ಗಳಷ್ಟು. ಬಿಂದು ದೂರ ಹೋದಂತೆ ಡಬ್ಲ್ಯೂ ಘಾತಾಂಕದ ವೇಗದಲ್ಲಿ ಉಬ್ಬುತ್ತದೆ, ಅದರ ವರ್ಗ ಇನ್ನೂ ಬೇಗ. ಎರಡು ಬೃಹತ್ ಸಂಖ್ಯೆಗಳ ವ್ಯತ್ಯಾಸ −1 ಆಗಬೇಕೆಂಬುದು ಷರತ್ತು. ಸುಮಾರು 9 ಏಕಮಾನ ದೂರ ತಲುಪುವಷ್ಟರಲ್ಲಿ ಆ ಒಂದು ಪೂರ್ತಿಯಾಗಿ ಅಳಿಸಿಹೋಗಿರುತ್ತದೆ. ಬಿಂದು ತಾನಿರಬೇಕಾದ ಜಗತ್ತಿನಿಂದಲೇ ಜಾರಿರುತ್ತದೆ. 64 ಬಿಟ್‌ಗೆ ಏರಿದರೆ? 53 ಬಿಟ್ ನಿಖರತೆ ಸಿಗುತ್ತದೆ, ಗಡಿ 19ಕ್ಕೆ ಹೋಗುತ್ತದೆ. ಸ್ಮರಣೆಯನ್ನು ಇಮ್ಮಡಿ ಮಾಡಿ ಕೊಂಡದ್ದು ಇನ್ನು ಹತ್ತು ಹೆಜ್ಜೆ ಮಾತ್ರ. ಪ್ರತಿ ಹೊಸ ಬಿಟ್‌ಗೂ ಸಿಗುವುದು ಮೂರನೆಯ ಒಂದು ಹೆಜ್ಜೆಯಷ್ಟು. ಯಂತ್ರದ ಬಲದಿಂದ ದಾಟಬಹುದಾದ ನದಿ ಇದಲ್ಲ.

ದಾಟುವ ಉಪಾಯವೆಂದರೆ ಜಗತ್ತಿಗೊಂದು ಕೇಂದ್ರವಿದೆ, ಎಲ್ಲವನ್ನೂ ಅಲ್ಲಿಂದ ಅಳೆಯಬೇಕು ಎಂಬ ಅಭ್ಯಾಸವನ್ನು ಬಿಡುವುದು. ನೆಲವನ್ನು ಹಾಸುಗಳಾಗಿ ಒಡೆಯುತ್ತೇವೆ. ಪ್ರತಿ ಹಾಸಿಗೂ ತನ್ನ ನೆರೆಯವರು ಯಾರು ಎಂಬುದಷ್ಟೇ ಗೊತ್ತು. ಆಟಗಾರ ಇರುವ ಹಾಸನ್ನು ಸದಾ ನಡುಬಿಂದುವಿನಲ್ಲಿಟ್ಟು, ಅಲ್ಲಿಂದ ನೆರೆಗೆ, ನೆರೆಯಿಂದ ಅದರ ನೆರೆಗೆ ಮ್ಯಾಟ್ರಿಕ್ಸ್‌ಗಳನ್ನು ಗುಣಿಸುತ್ತಾ ಕಾಣುವಷ್ಟು ದೂರ ಮಾತ್ರ ಬಿಡಿಸುತ್ತೇವೆ. ಆಟಗಾರ ಅಂಚು ದಾಟಿದ ಕ್ಷಣ ನಡುಬಿಂದು ಪಕ್ಕದ ಹಾಸಿಗೆ ಜಿಗಿಯುತ್ತದೆ. ಸಂಖ್ಯೆಗಳು ಎಂದೂ ದೊಡ್ಡದಾಗುವುದಿಲ್ಲ. ಆಗಾಗ ಮ್ಯಾಟ್ರಿಕ್ಸ್‌ಗಳನ್ನು ತಿದ್ದಿ ಲಂಬತೆಯನ್ನು ಮರಳಿ ತರಬೇಕಾಗುತ್ತದೆ, ಚಪ್ಪಟೆ ಜಗತ್ತಿನಲ್ಲಿ ಮಾಡುವಂತೆಯೇ, ಆ ಒಂದು ಚಿಹ್ನೆಯನ್ನು ನೆನಪಿಟ್ಟುಕೊಂಡು.

ಈ ಉಪಾಯವನ್ನು ಅತ್ಯಂತ ದೂರ ಒಯ್ದ ಆಟ ಹೈಪರ್‌ರೋಗ್. ವಾರ್ಸಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಎರಿಕ್ ಕೊಪ್ಚಿನ್‌ಸ್ಕಿ 2011ರಲ್ಲಿ ಬಿಡುಗಡೆ ಮಾಡಿ ಇಂದಿನವರೆಗೂ ಬೆಳೆಸುತ್ತಾ ಬಂದಿರುವ ಆಟ ಇದು. ಒಂದು ಸರದಿ ನಿಮ್ಮದು, ಒಂದು ಶತ್ರುಗಳದು. ಅದರ ನೆಲಹಾಸನ್ನು ಕಣ್ಣಿಗೆ ತಂದುಕೊಳ್ಳುವುದು ಸುಲಭ. ಫುಟ್‌ಬಾಲಿನ ಚರ್ಮವನ್ನು ನೋಡಿ: 12 ಪಂಚಭುಜ, ಅವುಗಳ ಸುತ್ತ 20 ಷಡ್ಭುಜ, ಚೆಂಡು ಮುಚ್ಚಿಕೊಳ್ಳುತ್ತದೆ. ಪಂಚಭುಜದ ಜಾಗದಲ್ಲಿ ಷಡ್ಭುಜವನ್ನೇ ಹೊಲಿದರೆ ಮುಚ್ಚದೆ ಚಪ್ಪಟೆಯಾಗಿ ಹರಡುತ್ತದೆ. ಸಪ್ತಭುಜವನ್ನು ಹೊಲಿದರೆ ಹೈಪರ್‌ರೋಗ್‌ನ ನೆಲ. ಹಾಸುಗಳು ಹೊರಹೊರಗೆ ಹೋದಂತೆ ಮಿತಿಯಿಲ್ಲದೆ ಹೆಚ್ಚುತ್ತವೆ.

ಆ ಆಟದ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ತಂತ್ರವಷ್ಟೇ ಅಲ್ಲ. ಅದರ ಒಗಟುಗಳು ಜ್ಯಾಮಿತಿಯ ಪ್ರಮೇಯಗಳೇ ಆಗಿವೆ. ಕ್ಯಾಮೆಲಾಟ್ ಎಂಬ ಪ್ರದೇಶದಲ್ಲಿ ರಾಜ ಆರ್ಥರನ ದುಂಡು ಮೇಜಿದೆ, ಪವಿತ್ರ ಬಟ್ಟಲು ಅದರ ಸರಿಯಾದ ನಡುವಿನಲ್ಲಿ. ಚಪ್ಪಟೆ ನೆಲದಲ್ಲಿ ವೃತ್ತದ ಕೇಂದ್ರ ಹುಡುಕುವುದು ಹೈಸ್ಕೂಲಿನ ಕೆಲಸ. ಇಲ್ಲಿ ಅಂಚಿನಲ್ಲಿ ಸ್ವಲ್ಪ ಓರೆಯಾಗಿ ಹೊರಟರೂ ನೀವು ಕೇಂದ್ರದ ಹತ್ತಿರವೂ ಸುಳಿಯದೆ ಮತ್ತೆ ಅಂಚಿಗೇ ಬಂದು ಬೀಳುತ್ತೀರಿ. ಸರಳರೇಖೆಯಂತೆ ಸಾಗುವ ಮಹಾಗೋಡೆಗಳಿವೆ. ಒಂದರ ಪಕ್ಕ ಇನ್ನೊಂದು ಹೊರಟರೆ ಅವು ಬೇರ್ಪಡುತ್ತಲೇ ಹೋಗುತ್ತವೆ. ಬೆನ್ನಟ್ಟಿ ಬರುವ ಶತ್ರುಗಳ ಗುಂಪು ಚಪ್ಪಟೆ ಜಗತ್ತಿನಲ್ಲಾದರೆ ನಿಮ್ಮನ್ನು ಸುತ್ತುವರಿಯುತ್ತದೆ. ಇಲ್ಲಿ ನೀವು ನೇರ ಓಡಿದರೆ ಅವರೆಲ್ಲ ಒಬ್ಬರ ಹಿಂದೆ ಒಬ್ಬರಾಗಿ ಸಾಲಿನಲ್ಲಿ ಬರಬೇಕಾಗುತ್ತದೆ, ಏಕೆಂದರೆ ಬಳಸುದಾರಿ ಇಲ್ಲಿ ಎಂದೂ ಅಗ್ಗವಲ್ಲ. ಪಠ್ಯಪುಸ್ತಕದಲ್ಲಿ ಅಸಮಾನತೆಯಾಗಿದ್ದದ್ದು ಆಟಗಾರನ ಕಾಲಿನ ಬುದ್ಧಿಯಾಗುತ್ತದೆ. ಸಮೀಕರಣ ಕಂಡರೆ ದೂರ ಸರಿಯುವವರೂ ಒಂದಷ್ಟು ಆಡಿದ ಮೇಲೆ ಸರಿಯಾದ ದಿಕ್ಕಿಗೆ ಹೆಜ್ಜೆ ಇಡುವುದನ್ನು ನಾನು ನೋಡಿದ್ದೇನೆ.

ಮೇಲಿನಿಂದ ನೋಡುವ ಆಟದಲ್ಲಿ ಇಲ್ಲದ ತೊಡಕುಗಳು ಆಟಗಾರನ ಕಣ್ಣಿನ ಎತ್ತರಕ್ಕೆ ಇಳಿದಾಗ ಶುರುವಾಗುತ್ತವೆ. 2022ರಲ್ಲಿ ಬಂದ ಹೈಪರ್‌ಬೋಲಿಕಾ ಅಂಥದ್ದು. ಮೊದಲ ತೊಡಕು ನೆಲ. ಹೈಪರ್‌ಬೋಲಿಕ್ ಸಮತಲದ ಮೇಲೆ ನಿಂತು ನೋಡಿದರೆ ದಿಗಂತ ಕಣ್ಣಿನ ಮಟ್ಟದಲ್ಲಿ ಇರುವುದಿಲ್ಲ, ಕೆಳಗೆ ಇಳಿದಿರುತ್ತದೆ. ಕಣ್ಣು ನೆಲದಿಂದ 1 ಏಕಮಾನ ಮೇಲಿದ್ದರೆ ಇಡೀ ಅನಂತ ನೆಲ ನೇರ ಕೆಳಗಿನ ದಿಕ್ಕಿನಿಂದ 40 ಡಿಗ್ರಿಯೊಳಗೆ ಮುಗಿದುಹೋಗುತ್ತದೆ. ಕಾಲ ಕೆಳಗೊಂದು ದುಂಡು ತಟ್ಟೆ, ಸುತ್ತೆಲ್ಲ ಆಕಾಶ. ಎತ್ತರ 0.1 ಆದರೆ ದಿಗಂತ 6 ಡಿಗ್ರಿಯಷ್ಟು ಮಾತ್ರ ತಗ್ಗುತ್ತದೆ, ಕಣ್ಣು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಒಂದು ಏಕಮಾನಕ್ಕೆ ಎಷ್ಟು ಮೀಟರ್ ಎಂಬ ತೀರ್ಮಾನವೇ ಇಡೀ ಆಟದ ಸ್ವಭಾವವನ್ನು ನಿರ್ಧರಿಸುತ್ತದೆ. ಏಕಮಾನ ದೊಡ್ಡದಾದರೆ ಜಗತ್ತು ಚಪ್ಪಟೆಯಂತೆ ಕಂಡು ವಿಶೇಷವೇ ಉಳಿಯುವುದಿಲ್ಲ. ಚಿಕ್ಕದಾದರೆ ಆಟಗಾರ ನಿಲ್ಲಲಾರ. ಚಪ್ಪಟೆ ಜಗತ್ತಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವನ್ನೂ ಹತ್ತು ಪಟ್ಟು ಹಿಗ್ಗಿಸಿದರೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ.

ಆ ಸೌಲಭ್ಯ ಇಲ್ಲಿಲ್ಲ, ಮತ್ತು ಅದರ ಪರಿಣಾಮವನ್ನು ಅನುಭವಿಸುವವರು ಕಲಾವಿದರು. ಒಂದು ಮರದ ಮಾದರಿಯನ್ನು ಮಾಡಿಟ್ಟುಕೊಂಡು ದೊಡ್ಡ ಮರ ಬೇಕಾದಾಗ ಇಮ್ಮಡಿ ಮಾಡಲು ಬರುವುದಿಲ್ಲ. ಇಮ್ಮಡಿಯಾದದ್ದು ಬೇರೆಯೇ ಆಕಾರ, ಕೋನಗಳೇ ಬೇರೆ. ನಾಲ್ಕೂ ಮೂಲೆ ಲಂಬವಾಗಿರುವ ಕೋಣೆ ಇಲ್ಲಿ ಅಸಾಧ್ಯ. ಹಾಗಾಗಿ ಚೌಕಟ್ಟಾದ ಇಟ್ಟಿಗೆ ಗೋಡೆಯ ಚಿತ್ರ ತಂದು ಅಂಟಿಸಿದರೆ ಎಲ್ಲೋ ಒಂದು ಕಡೆ ಸೇರುವುದಿಲ್ಲ. ಐದೂ ಮೂಲೆ ಲಂಬವಾದ ಪಂಚಭುಜದ ಕೋಣೆಯಾದರೆ ಅಚ್ಚುಕಟ್ಟಾಗಿ ಕೂರುತ್ತದೆ, ಮೂಲೆಗೆ ನಾಲ್ಕರಂತೆ. ಒಂದೇ ಅಗಲದ ಓಣಿ ಕಟ್ಟಿದರೆ ನಡುಗೆರೆ ನೇರ, ಎರಡೂ ಗೋಡೆ ಬಾಗಿದವು. ಇದನ್ನೆಲ್ಲ ತೊಂದರೆ ಎಂದು ಪಟ್ಟಿ ಮಾಡುವವರ ಜೊತೆ ನನಗೆ ಒಮ್ಮತವಿಲ್ಲ. ಅಳತೆಗೆ ತನ್ನದೇ ಒಂದು ನಿಜ ಮಾನ ಇರುವ ಜಗತ್ತಿನಲ್ಲಿ ಕಟ್ಟಡ ಕಟ್ಟುವುದು ಹೊಸ ವಾಸ್ತುಶಿಲ್ಪ. ಅದಕ್ಕೆ ಬೇಕಾದ ಕೈ ಇನ್ನೂ ಪಳಗುತ್ತಿದೆ.

ಬೆಳಕು ಕೂಡ ಬದಲಾಗುತ್ತದೆ. ದೂರದ ವರ್ಗಕ್ಕೆ ವಿಲೋಮವಾಗಿ ಮಂಕಾಗುವ ದೀಪ ಇಲ್ಲಿ ಹೈಪರ್‌ಬೋಲಿಕ್ ಸೈನ್‌ನ ವರ್ಗಕ್ಕೆ ವಿಲೋಮವಾಗುತ್ತದೆ. 5 ಏಕಮಾನ ದೂರದಲ್ಲಿ ಅದು ಚಪ್ಪಟೆ ಜಗತ್ತಿನ ದೀಪಕ್ಕಿಂತ 220 ಪಟ್ಟು ಮಂಕು. ಬೆಳಕು ಬಣ್ಣಗಳನ್ನು ಲೆಕ್ಕ ಹಾಕುವ ಹಳೆಯ ಶೇಡರ್‌ಗಳನ್ನು ಹಾಗೇ ತಂದರೆ ಎಲ್ಲವೂ ಅತಿಯಾಗಿ ಬೆಳಗುತ್ತದೆ.

ಎಲ್ಲಕ್ಕಿಂತ ದೇಹಕ್ಕೆ ತಟ್ಟುವುದು ತಿರುವು. ಮುಂದೆ, ಎಡಕ್ಕೆ, ಹಿಂದೆ, ಬಲಕ್ಕೆ ಒಂದೇ ಅಳತೆಯ ಹೆಜ್ಜೆಗಳನ್ನಿಟ್ಟರೆ ಹೊರಟ ಜಾಗಕ್ಕೆ ಬರುವುದಿಲ್ಲ. ಮುಖ ತಿರುಗಿಸದೆ ಅಡ್ಡಡ್ಡ ಸರಿಯುತ್ತಲೇ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದರೆ ನಿಮ್ಮ ಮುಖ ಬೇರೆ ದಿಕ್ಕಿಗಿರುತ್ತದೆ; ಎಷ್ಟು ತಿರುಗಿದೆ ಎಂದರೆ ನೀವು ಸುತ್ತುಹಾಕಿದ ವಿಸ್ತೀರ್ಣ ಎಷ್ಟೋ ಅಷ್ಟು ರೇಡಿಯನ್. ನಾನು ಬರೆಯುತ್ತಿರುವ ಚಿಕ್ಕ ಎಂಜಿನ್‌ನಲ್ಲಿ ಇದಕ್ಕಾಗಿ ಪ್ರತ್ಯೇಕ ಸಾಲು ಒಂದೂ ಇಲ್ಲ. ಮ್ಯಾಟ್ರಿಕ್ಸ್‌ಗಳ ಗುಣಾಕಾರದಿಂದ ತಾನಾಗಿ ಬರುತ್ತದೆ. ವಿಸ್ತೀರ್ಣವನ್ನು ಅಳೆಯಲು ಹಗ್ಗ ಬೇಡ, ದಿಕ್ಸೂಚಿ ಸಾಕು ಎನ್ನುವಂತಹ ಜಗತ್ತು ಇದು. ಅದನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ ಆದ ಸಂತೋಷ ನನಗೆ ಯಾವ ಹೊಳೆಯುವ ನೆರಳು ಪ್ರತಿಬಿಂಬಗಳಿಂದಲೂ ಆಗಿಲ್ಲ.

ಗೋಳೀಯ ಜಗತ್ತಿನ ಬಗ್ಗೆ ಇಷ್ಟು ವಿಸ್ತಾರವಾಗಿ ಹೇಳುವುದಿಲ್ಲ. ಅದು ಚಿಕ್ಕದು, ಮುಚ್ಚಿದ್ದು, ಒಂದು ಆಟದ ಮಟ್ಟಕ್ಕೆ ಚೆನ್ನ. ದೂರ ಹೋಗುವ ವಸ್ತು ಕಾಲು ಸುತ್ತಿನವರೆಗೆ ಚಿಕ್ಕದಾಗುತ್ತಾ, ಅಲ್ಲಿಂದ ಮತ್ತೆ ದೊಡ್ಡದಾಗುತ್ತಾ, ಎದುರು ಧ್ರುವ ತಲುಪಿದಾಗ ಆಕಾಶವನ್ನೆಲ್ಲ ತುಂಬುತ್ತದೆ. ಒಂದು ಬಿಂದುವನ್ನೂ ಅದರ ಎದುರು ಧ್ರುವವನ್ನೂ ಚಿಪ್ಪು ಒಂದೇ ಎಂದು ಭಾವಿಸುವುದರಿಂದ ದೂರದ ಅರ್ಧವನ್ನು ಮೊದಲು, ಹತ್ತಿರದ ಅರ್ಧವನ್ನು ನಂತರ, ಎರಡು ಸಲ ಬಿಡಿಸಬೇಕು. ಗಣಿತಜ್ಞ ಥರ್ಸ್ಟನ್ ಗುರುತಿಸಿದ ಮೂರು ಆಯಾಮದ ಎಂಟು ಜ್ಯಾಮಿತಿಗಳಲ್ಲಿ ನಿಲ್, ಸಾಲ್ ಎಂಬವುಗಳಿಗೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅಲ್ಲಿ ದಿಕ್ಕುಗಳೇ ಒಂದಕ್ಕೊಂದು ಸಮವಲ್ಲ, ಬೆಳಕಿನ ಕಿರಣಗಳನ್ನು ನೇರಗೊಳಿಸಿ ತೋರಿಸುವ ಮಾದರಿಯೂ ಇಲ್ಲ. ಒಂದೊಂದು ಪಿಕ್ಸೆಲ್‌ನಿಂದ ಕಿರಣವನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸುವ ದಾರಿಯನ್ನು ಕೆಲವರು ಹಿಡಿದಿದ್ದಾರೆ. ಹೈಪರ್‌ರೋಗ್‌ನ ಎಂಜಿನ್ ಕೂಡ ಆ ಜಗತ್ತುಗಳನ್ನು ತೋರಿಸಬಲ್ಲದು.

ವರ್ಚುವಲ್ ರಿಯಾಲಿಟಿ ಕನ್ನಡಕ ಬಂದ ಮೇಲೆ ಈ ವಿಷಯಕ್ಕೆ ಒಂದು ಹಳೆಯ ಎಳೆ ಮರಳಿ ಸೇರಿಕೊಂಡಿತು. ನಮ್ಮ ವಿಶ್ವ ಹೈಪರ್‌ಬೋಲಿಕ್ ಇರಬಹುದೇ ಎಂದು ಲೊಬಾಚೆವ್‌ಸ್ಕಿ ನಿಜವಾಗಿಯೂ ಪರೀಕ್ಷಿಸಿದ್ದ. ಭೂಮಿ ಸೂರ್ಯನ ಸುತ್ತ ಚಲಿಸುವಾಗ ನಕ್ಷತ್ರ ಸ್ವಲ್ಪ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಚಪ್ಪಟೆ ಜಗತ್ತಿನಲ್ಲಿ ನಕ್ಷತ್ರ ದೂರವಾದಂತೆ ಈ ಸರಿತ ಸೊನ್ನೆಗೆ ಇಳಿಯುತ್ತದೆ, ಹೈಪರ್‌ಬೋಲಿಕ್ ಜಗತ್ತಿನಲ್ಲಿ ಒಂದು ಮಿತಿಯ ಕೆಳಗೆ ಇಳಿಯುವುದಿಲ್ಲ. ಲುಬ್ಧಕ ನಕ್ಷತ್ರದ ಅಳತೆಯನ್ನು ಹಿಡಿದು ಅವನು ಲೆಕ್ಕ ಹಾಕಿದ. ವಕ್ರತೆ ಇದ್ದರೂ ಕಾಣಲಾರದಷ್ಟು ಸಣ್ಣದು ಎಂದಾಯಿತು. ಕನ್ನಡಕದೊಳಗೆ ನಮ್ಮ ಎರಡು ಕಣ್ಣುಗಳೇ ಆ ಕಕ್ಷೆಯ ಎರಡು ತುದಿಗಳು. 2017ರಲ್ಲಿ ವೈ ಹಾರ್ಟ್, ಆಂಡ್ರಿಯಾ ಹಾಕ್ಸ್‌ಲಿ, ಎಲಿಸಬೆಟ್ಟಾ ಮಾತ್ಸುಮೊಟೊ, ಹೆನ್ರಿ ಸೆಗರ್‌ಮನ್ ಹೈಪರ್‌ಬೋಲಿಕ್ ಜಗತ್ತನ್ನು ವರ್ಚುವಲ್ ರಿಯಾಲಿಟಿಗೆ ತಂದು ಅದರ ಬಗ್ಗೆ ಬರೆದರು. ಏಕಮಾನವನ್ನು 1 ಮೀಟರ್ ಎಂದಿಟ್ಟು ಲೆಕ್ಕ ಮಾಡಿ ನೋಡಿ: ಅನಂತ ದೂರದ ಬಿಂದುವಿನಿಂದ ಬರುವ ಎರಡು ಕಿರಣಗಳು ಎರಡು ಕಣ್ಣುಗಳಲ್ಲಿ ಒಂದಕ್ಕೊಂದು ಓರೆಯಾಗಿಯೇ ಬೀಳುತ್ತವೆ, ಚಪ್ಪಟೆ ಜಗತ್ತಿನಲ್ಲಿ ಪಳಗಿದ ಮಿದುಳು ಅದನ್ನು ಸುಮಾರು 1 ಮೀಟರ್ ದೂರದ ವಸ್ತು ಎಂದು ಓದುತ್ತದೆ. ಇಡೀ ವಿಶ್ವ ಕೈಗೆಟಕುವ ಒಂದು ಗೋಳದೊಳಗೆ ಇದೆ ಎಂದು ಕಣ್ಣು ಹೇಳುತ್ತದೆ. ಬೆಲ್ಟ್ರಾಮಿ ಕಾಗದದ ಮೇಲೆ ಕಟ್ಟಿದ್ದೂ ತ್ರಿಜ್ಯ 1 ಇರುವ ಅದೇ ಗೋಳ. ಮಾದರಿ ಎಂದುಕೊಂಡದ್ದು ಅಲ್ಲಿಗೆ ಹೋದ ಮನುಷ್ಯನಿಗೆ ನೇರ ಕಾಣುವ ದೃಶ್ಯವೇ ಆಗಿಬಿಡುತ್ತದೆ.

ನಾನು ಈಗ ಮಾಡುತ್ತಿರುವುದು ಪಂಚಭುಜದ ಅಂಗಳಗಳ ಒಂದು ಸಣ್ಣ ಆಟ. ಪ್ರತಿ ಅಂಗಳಕ್ಕೆ ಐದು ಬಾಗಿಲು, ಪ್ರತಿ ಮೂಲೆಯಲ್ಲಿ ನಾಲ್ಕು ಅಂಗಳ. ಬಹಳ ದಿನ ಯೋಚಿಸಿದ್ದು ನಕ್ಷೆಯ ಬಗ್ಗೆ. ಇಂತಹ ನೆಲವನ್ನು ಒಂದೇ ಅಳತೆಯಲ್ಲಿ ತೋರಿಸುವ ನಕ್ಷೆಯನ್ನು ಚಪ್ಪಟೆ ಪರದೆಯ ಮೇಲೆ ಬಿಡಿಸಲಾಗದು; ಅಂಚಿಗೆ ಹೋದಂತೆ ಎಲ್ಲವೂ ಕುಗ್ಗಿ ಗೀಟಾಗುತ್ತದೆ. ಕೊನೆಗೆ ನಕ್ಷೆಯನ್ನೇ ಕೈಬಿಟ್ಟೆ. ಅದರ ಬದಲು ಆಟಗಾರನ ಕೈಯಲ್ಲಿ ವಿಳಾಸ ಇರುತ್ತದೆ: ಒಳಬಂದ ಬಾಗಿಲಿನಿಂದ ಎಣಿಸಿದರೆ ಎಷ್ಟನೆಯ ಬಾಗಿಲು, ಅಲ್ಲಿಂದ ಎಷ್ಟನೆಯದು, ಹೀಗೆ 1ರಿಂದ 4ರವರೆಗಿನ ಅಂಕಿಗಳ ಒಂದು ಸಾಲು. ಜಗತ್ತು ಮರದ ಕೊಂಬೆಗಳಂತೆ ಕವಲೊಡೆಯುವುದರಿಂದ ಅಂಕಿಗಳ ಚಿಕ್ಕ ಸಾಲೇ ಕೋಟಿ ಅಂಗಳಗಳಲ್ಲಿ ಒಂದನ್ನು ನಿಖರವಾಗಿ ಹೇಳಬಲ್ಲದು. ತೊಡಕು ಒಂದೇ: ಒಂದು ಮೂಲೆಯನ್ನು ಎಡದಿಂದ ಬಳಸಿದರೂ ಬಲದಿಂದ ಬಳಸಿದರೂ ಎದುರಿನ ಅಂಗಳ ಅದೇ, ಆದರೆ ಅಂಕಿಗಳು ಬೇರೆ. ಎರಡು ವಿಳಾಸಗಳು ಒಂದೇ ಮನೆಯವೇ ಎಂದು ಕಂಡುಹಿಡಿಯಲು ಪ್ರತಿ ವಿಳಾಸವನ್ನೂ ಒಂದು ಖಚಿತ ರೂಪಕ್ಕೆ ತರುವ ನಿಯಮಗಳು ಬೇಕು. ಸದ್ಯ ಬರೆಯುತ್ತಿರುವುದು ಆ ನಿಯಮಗಳ ಕೋಡ್.